ಅವರಿಗೆ ಹೇಳು, ಅವಳಿಗೆ ಹೇಳು

ನಮ್ಮ ಮನೆಯಲ್ಲಿ ‘ಕೆಲವರು’ ಎಂದರೆ ಒಬ್ಬರೇ. ಅವರು ನನ್ನ ಯಜಮಾನರು. “ಕೆಲವರಿಗೆ ಒದ್ದೆ ಟವೆಲ್ಲು ಹಾಸಿಗೆ ಮೇಲೆ ಹಾಕಬಾರದು ಅಂತ ಎಷ್ಟು ಸಲ ಹೇಳಿದ್ರೂ ಗೊತ್ತಾಗಲ್ಲ” ಎಂದು ನಾನು ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತು ಮಿಕ್ಸಿಗೆ ಹೇಳುತ್ತೇನೆ. ಮಿಕ್ಸಿ ಇದುವರೆಗೆ ನನಗೆ ಎದುರು ಮಾತಾಡಿದ್ದಿಲ್ಲ. ಹಜಾರದಲ್ಲಿ ಪೇಪರಿನ ಹಿಂದೆ ಕೂತವರು ಮಾತ್ರ, “ಕೆಲವರು ಬೆಳಿಗ್ಗೆ ಬೆಳಿಗ್ಗೇನೇ ಶುರು ಮಾಡ್ಕೊಂಡ್ರಪ್ಪಾ” ಎಂದು ಗೋಡೆಯ ಕ್ಯಾಲೆಂಡರಿಗೆ ಹೇಳುತ್ತಾರೆ. ಆಗ ಆ ಕೆಲವರು ನಾನು. ನಲವತ್ತು ವರ್ಷದಿಂದ ಹೀಗೇ ನಡೆದಿದೆ, ಯಾರಿಗೂ ಏನೂ ತೊಂದರೆಯಾಗಿಲ್ಲ. ಟವೆಲ್ಲು ಮಾತ್ರ ಇನ್ನೂ ಹಾಸಿಗೆಯ ಮೇಲೇ ಇದೆ.

ಮೊನ್ನೆ ರಜೆಗೆಂದು ಕೋಲಾರಕ್ಕೆ ಬಂದಿದ್ದ ಮೊಮ್ಮಗಳು ಊಟದ ಟೇಬಲ್ಲಿನ ಮೇಲೆ ಇಂಗ್ಲಿಷ್ ಗ್ರಾಮರಿನ ಪುಸ್ತಕ ಹರಡಿಕೊಂಡಿದ್ದಳು. ಐ, ಯೂ, ಹಿ, ಶಿ ಎಂದು ಒಂದೊಂದರ ಮುಂದೆ ಒಂದೊಂದು ಬಣ್ಣದ ಬೊಂಬೆ. ನನ್ನ ಮತ್ತು ಮಿಕ್ಸಿಯ ಸಂಭಾಷಣೆಯನ್ನು ಕೇಳಿಸಿಕೊಂಡು ಪೆನ್ಸಿಲ್ಲು ಎತ್ತಿ, “ಅಜ್ಜಿ, ಅದು ತಪ್ಪು” ಎಂದಳು. “ತಾತ ಒಬ್ರೇ ತಾನೇ? ಒಬ್ರಾದ್ರೆ ‘ಹಿ’. ಇಲ್ಲೇ ಇದ್ರೆ ‘ಯೂ’. ನೀನು ತಾತನ್ನೇ ನೋಡ್ಕೊಂಡು ‘ಯೂ’ ಅಂತ ಹೇಳ್ಬೇಕು. ನಿಂಗೆ ಪ್ರೊನೌನ್ ಯಾರು ಹೇಳ್ಕೊಟ್ಟಿದ್ದು?”

ನೋಡಿ, ಮಕ್ಕಳ ಬಾಯಿಂದ ಇಂಥ ಪ್ರಶ್ನೆ ಬಂದುಬಿಟ್ಟರೆ ಆ ದಿನದ ಕೆಲಸ ಕೆಟ್ಟಿತು ಎಂದೇ ಲೆಕ್ಕ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಕೆಲವರು ತಿಂದು ಕ್ಯಾಲೆಂಡರಿನ ಕಡೆ ನೋಡಿದರು.

ಯಾರು ಹೇಳಿಕೊಟ್ಟರು ಎಂದು ಹೇಳಬೇಕಾದರೆ ಟೇಕಲ್ ಸ್ಟೇಷನ್ನಿನಲ್ಲಿ ಇಳಿದು ಒಂದೂವರೆ ಮೈಲಿ ನಡೆಯಬೇಕು. ಎಪ್ಪತ್ತರ ದಶಕದಲ್ಲಿ ಆ ದಾರಿಯಲ್ಲಿ ಬಸ್ಸಿರಲಿಲ್ಲ. ಬೆಟ್ಟದ ಬುಡ ಬಳಸಿಕೊಂಡು, ಹಿಪ್ಪುನೇರಳೆ ತೋಟಗಳ ನಡುವಿನ ಬದುವಿನ ಮೇಲೆ ಕಾಲಿಡುತ್ತ ಹೋದರೆ ನಮ್ಮ ಊರು. ಊರಿನ ಮೂರನೆಯ ಮನೆ ನಮ್ಮದು. ಮನೆಯ ಅರ್ಧ ರೇಷ್ಮೆ ಹುಳುಗಳದ್ದು, ಇನ್ನರ್ಧ ತಾತನದು. ಉಳಿದ ಜಾಗದಲ್ಲಿ ಅಪ್ಪ, ಅಮ್ಮ ಮತ್ತು ನಾನು ಇದ್ದೆವು.

ತಾತನನ್ನು ಏಕವಚನದಲ್ಲಿ ಕರೆಯುವ ಹಕ್ಕು ಆ ಮನೆಯಲ್ಲಿ ನನಗೊಬ್ಬಳಿಗೇ ಇತ್ತು. ಅಪ್ಪ ಅವನೆದುರು ಬಹುವಚನದಲ್ಲೂ ಮಾತಾಡುತ್ತಿರಲಿಲ್ಲ. ಅಪ್ಪನಿಗೆ ಗೊತ್ತಿದ್ದದ್ದು ಒಂದೇ ಮಾತು: “ನೋಡೋಣ.” ಮಳೆ ಬರುತ್ತಾ ಎಂದರೂ ನೋಡೋಣ, ಎಮ್ಮೆ ಕರು ಹಾಕಿತು ಎಂದರೂ ನೋಡೋಣ. ಇನ್ನು ಅಮ್ಮ. ಅವಳ ತವರು ಮುಳಬಾಗಿಲಿನ ಕಡೆ, ಆವನಿಯ ಹತ್ತಿರ. ಅಲ್ಲಿ ಮನೆಮಾತು ತೆಲುಗು. ಮದುವೆಯಾಗಿ ಬಂದಾಗ ಅವಳಿಗೆ ಹದಿನೇಳು. ಆ ವೇಳೆಗೆ ಅಜ್ಜಿ ತೀರಿಕೊಂಡಿದ್ದಳು. ಅದೇ ಎಲ್ಲಕ್ಕೂ ಮೂಲ.

ಯಾಕೆಂದರೆ ನಮ್ಮ ಕಡೆ ಆಗೆಲ್ಲ ಸೊಸೆಯಾದವಳು ಮಾವನ ಮುಖ ನೋಡಿ ಮಾತಾಡುವಂತಿರಲಿಲ್ಲ. ಮಾವನೂ ಸೊಸೆಯನ್ನು ಕರೆದು ಇಂಥದ್ದು ಮಾಡು ಎನ್ನುವಂತಿರಲಿಲ್ಲ. ಇದರಲ್ಲಿ ಜಗಳವೇನೂ ಇಲ್ಲ, ಅದು ಮರ್ಯಾದೆ. ಮನೆಯಲ್ಲಿ ಅತ್ತೆ ಇದ್ದರೆ ಎಲ್ಲ ಮಾತೂ ಅವಳ ಮೂಲಕ ಹೋಗಿ ಬರುತ್ತಿತ್ತು. ನಮ್ಮ ಮನೆಯಲ್ಲಿ ಆ ಜಾಗ ಖಾಲಿ. ಅಪ್ಪನ ಮೂಲಕ ಕಳಿಸಿದರೆ ಮಾತು ‘ನೋಡೋಣ’ದ ಹತ್ತಿರ ಹೋಗಿ ನಿಂತುಬಿಡುತ್ತಿತ್ತು. ಹೀಗಾಗಿ ನಾನು ಹುಟ್ಟುವವರೆಗೆ ಆ ಕೆಲಸವನ್ನು ಹಜಾರದ ಕಂಬವೂ ಕೊಟ್ಟಿಗೆಯ ಎಮ್ಮೆಯೂ ಹಂಚಿಕೊಂಡು ಮಾಡಿದವಂತೆ.

“ಏನೇ, ಮನೇಲಿ ರಾಗಿಹಿಟ್ಟು ನಾಳೆಗಿಲ್ಲ ಅಂತ ಗೊತ್ತಾಗೋದು ಬೇಡ್ವಾ?” ಎಂದು ಅಮ್ಮ ಹುಲ್ಲು ಹಾಕುತ್ತ ಎಮ್ಮೆಯನ್ನು ಕೇಳುತ್ತಿದ್ದಳು.

“ಸಾಯಂಕಾಲ ಮಿಲ್ಲಿಗೆ ಹಾಕಿಸ್ತಾರಂತೆ ಅಂತ ಹೇಳು” ಎಂದು ಜಗುಲಿಯಿಂದ ತಾತ ಅದೇ ಎಮ್ಮೆಗೆ ಹೇಳುತ್ತಿದ್ದ. ಎಮ್ಮೆ ಬಾಲ ಬೀಸಿದರೆ ವಿಷಯ ತಲುಪಿತು ಎಂದು ಅರ್ಥ.

ನನಗೆ ಮಾತು ಬಂದಕೂಡಲೇ ಎಮ್ಮೆಗೂ ಕಂಬಕ್ಕೂ ಬಿಡುವು ಸಿಕ್ಕಿತು. ನನ್ನ ಬಾಯಿಂದ ಬಂದ ಮೊದಲ ಪೂರ್ತಿ ವಾಕ್ಯ ‘ತಾತಾ, ಊತಕ್ಕೇಲ್ಬೇಕಂತೆ’ ಎಂದು ಅಮ್ಮ ಹೇಳುತ್ತಿದ್ದಳು. ಬೇರೆ ಮಕ್ಕಳು ಅಮ್ಮ ಅಂತಲೋ ಅಪ್ಪ ಅಂತಲೋ ಶುರು ಮಾಡುತ್ತಾರೆ. ನಾನು ‘ಅಂತೆ’ಯಿಂದಲೇ ಶುರು ಮಾಡಿದವಳು.

ಕೆಲಸದ ರೀತಿ ಹೀಗೆ. ತಾತ ಜಗುಲಿಯ ಮೇಲೆ, ಇಲ್ಲವೇ ಕಂಬಕ್ಕೆ ಒರಗಿ. ಅಮ್ಮ ಅಡುಗೆಮನೆಯ ಬಾಗಿಲ ಹಿಂದೆ. ಅವಳ ಬಳೆಗಳಷ್ಟೇ ಕಾಣುತ್ತಿದ್ದವು. ನಡುವೆ ನಾನು. ಅವರಿಬ್ಬರ ನಡುವಿನ ದೂರ ಎಂಟು ಹೆಜ್ಜೆ. ಒಬ್ಬರು ಕೆಮ್ಮಿದರೆ ಇನ್ನೊಬ್ಬರಿಗೆ ಕೇಳಿಸುತ್ತಿತ್ತು. ಆದರೂ “ಅವರಿಗೆ ಹೇಳು, ನೀರು ಕಾದಿದೆ” ಎಂದು ಅಮ್ಮ ಅಂದಮೇಲೆ ನಾನು ಅಷ್ಟು ದೂರ ನಡೆದುಹೋಗಿ “ತಾತ, ನೀರು ಕಾದಿದೆಯಂತೆ” ಎನ್ನುವವರೆಗೆ ತಾತನಿಗೆ ಏನೂ ಕೇಳಿಸಿಲ್ಲ ಎಂದೇ ಲೆಕ್ಕ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಕಾಯುತ್ತ ಕೂತಿರುತ್ತಿದ್ದ, ಏಳುತ್ತಿರಲಿಲ್ಲ. ನಾನು ದಾರಿಯಲ್ಲಿ ಇರುವೆ ಸಾಲು ನೋಡುತ್ತ ಕೂತುಬಿಟ್ಟರೆ ನೀರು ಆರಿಹೋಗುತ್ತಿತ್ತು. ಈ ವಿಷಯ ನನಗೆ ಬಲುಬೇಗ ಅರ್ಥವಾಯಿತು. ಆಮೇಲೆ ಒಂದು ತುಂಡು ಬೆಲ್ಲವಿಲ್ಲದೆ ನಾನು ಯಾವ ಮಾತನ್ನೂ ಸಾಗಿಸುತ್ತಿರಲಿಲ್ಲ. ಲಂಚ ತಿನ್ನುವುದನ್ನು ಜನ ಕಛೇರಿಗೆ ಸೇರಿದ ಮೇಲೆ ಕಲಿಯುತ್ತಾರೆ ಅನ್ನುತ್ತಾರೆ. ನನಗೆ ಆರನೆಯ ವರ್ಷಕ್ಕೇ ಚೆನ್ನಾಗಿ ಬರುತ್ತಿತ್ತು.

ಇದರಲ್ಲಿ ಕಷ್ಟವೂ ಇತ್ತು. ಅಮ್ಮ ಹೆಸರು ಹೇಳುತ್ತಿರಲಿಲ್ಲ. ತಾತನೂ ‘ಅವರು’, ಅಪ್ಪನೂ ‘ಅವರು’. “ಅವರಿಗೆ ಹೇಳು” ಎಂದರೆ ಯಾರಿಗೆ? ಕೇಳಿದರೆ ಬೈಗುಳ. ಬರಬರುತ್ತ ನಾನೇ ದಾರಿ ಕಂಡುಕೊಂಡೆ. ಮೆಲುದನಿಯ ‘ಅವರು’ ತಾತ. ನಿಟ್ಟುಸಿರಿನ ಜೊತೆಗೆ ಬರುವ ‘ಅವರು’ ಅಪ್ಪ. ಇಷ್ಟು ವರ್ಷಗಳಲ್ಲಿ ಒಂದು ಸಲವೂ ತಪ್ಪಾದದ್ದಿಲ್ಲ.

ಇನ್ನೊಂದು ಗುಟ್ಟನ್ನೂ ಹೇಳಿಬಿಡುತ್ತೇನೆ. ನಾನು ಮಾತನ್ನು ಇದ್ದ ಹಾಗೆ ಸಾಗಿಸುತ್ತಿರಲಿಲ್ಲ. “ಅವಳಿಗೆ ಕೇಳು, ಬಸ್ಸಾರಿಗೆ ಉಪ್ಪು ಹಾಕೋದು ಅವರೂರಲ್ಲಿ ಪದ್ಧತಿ ಇಲ್ವಾ ಅಂತ” ಎಂದು ತಾತ ಗುಡುಗಿದರೆ, ನಾನು ಎಂಟು ಹೆಜ್ಜೆ ನಡೆದು “ಅಮ್ಮ, ಸಾರು ಚೆನ್ನಾಗಿದೆಯಂತೆ, ಒಂಚೂರು ಉಪ್ಪು ಬೇಕಂತೆ” ಎನ್ನುತ್ತಿದ್ದೆ. ಅಮ್ಮ ಒಳಗೆ ಪಾತ್ರೆಗಳ ಮುಂದೆ, “ಈ ಇಂಟ್ಲೋ ಮನಿಷಿ ಮಾಟ ಎವರೂ ವಿನರು” ಎಂದು, ಈ ಮನೆಯಲ್ಲಿ ಮನುಷ್ಯರ ಮಾತು ಯಾರೂ ಕೇಳಲ್ಲ ಎಂದು, ತೆಲುಗಿನಲ್ಲಿ ಗೊಣಗಿದರೆ ನಾನು ತಾತನ ಹತ್ತಿರ ಬಂದು “ಆಗ್ಲಿ ಅಂದ್ಲು” ಎನ್ನುತ್ತಿದ್ದೆ. ತಾತನಿಗೆ ತೆಲುಗು ಬರುವುದಿಲ್ಲ ಎಂಬುದು ಮನೆಯ ಇನ್ನೊಂದು ಒಪ್ಪಂದ. ಬರುವುದಿಲ್ಲ ಎನ್ನುವವನು ಮುಳಬಾಗಿಲಿನ ದನದ ವ್ಯಾಪಾರಿಗಳ ಜೊತೆ ಗಂಟೆಗಟ್ಟಲೆ ಅದೇ ಭಾಷೆಯಲ್ಲಿ ಚೌಕಾಸಿ ಮಾಡುತ್ತಿದ್ದ. ಅಮ್ಮ ತೆಲುಗಿನಲ್ಲಿ ಪಾತ್ರೆಗೆ ಹೇಳಿಕೊಂಡ ಸೋರುವ ಹೆಂಚು ಮಾರನೆಯ ದಿನ ತಾನಾಗಿಯೇ ಸರಿಹೋಗಿರುತ್ತಿತ್ತು.

ಇಬ್ಬರಿಗೂ ಮೂಲ ಮಾತು ಕಿವಿಯಾರೆ ಕೇಳಿಸಿರುತ್ತಿತ್ತು. ಆದರೆ ನಾನು ತಂದ ಮಾತೇ ಅಧಿಕೃತ. ಅದಕ್ಕೇ ಉತ್ತರ. ಗುಡುಗಿದ್ದೂ ಗೊಣಗಿದ್ದೂ ಲೆಕ್ಕಕ್ಕಿಲ್ಲ. ಆ ಮನೆಯಲ್ಲಿ ಒಂದು ದಿನವೂ ಜಗಳವಾಗದೇ ಇದ್ದದ್ದಕ್ಕೆ ನಾನೇ ಕಾರಣ ಎಂದು ನಾನು ಬೀಗುತ್ತಿದ್ದೆ. ಈಗಲೂ ಸ್ವಲ್ಪ ಬೀಗುತ್ತೇನೆ.

ಇಷ್ಟು ಅನುಭವವಿಟ್ಟುಕೊಂಡು ನಾನು ಐದನೆಯ ತರಗತಿಗೆ ಹೋದಾಗ ಇಂಗ್ಲಿಷ್ ಶುರುವಾಯಿತು. ಪಾಠಕ್ಕೆ ಬಂದವರು ರೆಡ್ಡಿ ಮೇಷ್ಟ್ರು, ಶ್ರೀನಿವಾಸಪುರದ ಕಡೆಯವರು. ಟೇಕಲ್ಲಿನಲ್ಲಿ ರೂಮು ಮಾಡಿಕೊಂಡು ಸೈಕಲ್ಲಿನಲ್ಲಿ ಬರುತ್ತಿದ್ದರು. ಮಾವಿನ ಕಾಲದಲ್ಲಿ ಅವರ ಉದಾಹರಣೆಗಳೆಲ್ಲ ಮಾವಿನ ಹಣ್ಣಿನವೇ. “ದಿಸ್ ಈಸ್ ಮೈ ಮ್ಯಾಂಗೋ. ದಟ್ ಈಸ್ ಯುವರ್ ಮ್ಯಾಂಗೋ” ಎಂದು ಎರಡು ಹಣ್ಣು ಮೇಜಿನ ಮೇಲಿಟ್ಟು ನಮ್ಮ ಬಾಯಲ್ಲಿ ನೀರೂರಿಸುತ್ತಿದ್ದರು. ಪಾಠ ಮುಗಿದ ಮೇಲೆ ಮೈ ಮ್ಯಾಂಗೋವೂ ಯುವರ್ ಮ್ಯಾಂಗೋವೂ ಅವರ ಚೀಲಕ್ಕೇ ಹೋಗುತ್ತಿದ್ದವು.

ಸರ್ವನಾಮದ ದಿನ ಅವರು ಭಾರೀ ಹುರುಪಿನಲ್ಲಿದ್ದರು. ಹೆಸರು ಹೇಳದೆ ಹೆಸರಿನ ಕೆಲಸ ಮಾಡುವುದು ಪ್ರೊನೌನ್ ಎಂದರು. ನಮ್ಮ ಮನೆಯಲ್ಲಿ ಬೇರೆ ಇನ್ನೇನು ನಡೆಯುತ್ತಿತ್ತು? ಇದನ್ನು ಕಲಿಯಲು ಸ್ಲೇಟು ಬಳಪ ಯಾಕೆ ಎಂದು ನನಗೆ ಅನ್ನಿಸಿತು. ಅದರಲ್ಲೂ ಪರ್ಸನಲ್ ಪ್ರೊನೌನ್ ಮೂರು ತರದ ಮನುಷ್ಯರಿಗಂತೆ. ಮಾತಾಡುವವನು ಒಬ್ಬ, ಅವನೆದುರಿಗೆ ಇರುವವನು ಇನ್ನೊಬ್ಬ, ಅಲ್ಲಿ ಇಲ್ಲದವನು ಮತ್ತೊಬ್ಬ. ಮಾತಾಡುವವನಿಗೆ ‘ಐ’. ಅದನ್ನು ವಾಕ್ಯದ ನಡುವೆ ಬಂದರೂ ದೊಡ್ಡಕ್ಷರದಲ್ಲೇ ಬರೆಯಬೇಕು. ನೀನು, ಅವನು, ಅವಳು ಎಲ್ಲ ಸಣ್ಣಕ್ಷರ, ನಾನು ಮಾತ್ರ ದೊಡ್ಡದು! ಇಂಗ್ಲಿಷಿನವರು ಅಷ್ಟು ದೂರದಿಂದ ಬಂದು ನಮ್ಮನ್ನು ಹೇಗೆ ಆಳಿದರು ಎನ್ನುವುದು ನನಗೆ ಆಗಲೇ ಸ್ವಲ್ಪ ಅರ್ಥವಾಯಿತು.

‘ಯೂ’ ಬಂದಾಗ ತರಗತಿಯೇ ಅಲ್ಲಾಡಿಹೋಯಿತು. ಸ್ನೇಹಿತನಿಗೂ ಯೂ, ನಾಯಿಗೂ ಯೂ, ಹೆಡ್‌ಮಾಸ್ತರಿಗೂ ಯೂ. ಒಬ್ಬನಿಗೂ ಅದೇ, ನೂರು ಜನಕ್ಕೂ ಅದೇ. ಮುಂದಿನ ಸಾಲಿನ ಮುನಿರಾಜು ಎದ್ದುನಿಂತು, “ಸಾ, ಹಂಗಂದ್ರೆ ಅವರ ಅಪ್ಪಂದಿರು ಹೊಡೆಯಲ್ವಾ ಸಾ?” ಎಂದು ಕೇಳಿದ. ಮೇಷ್ಟ್ರು, “ವಾಳ್ಳ ದೇಶದಲ್ಲಿ, ಅವರ ದೇಶದಲ್ಲಿ ಹೊಡೆಯಲ್ಲ ಕಣೋ, ಕೂತ್ಕೋ” ಎಂದರು.

ಆಮೇಲೆ ನನ್ನನ್ನು ಮುಂದಕ್ಕೆ ಕರೆದರು. ತಮ್ಮ ಎದೆ ಮುಟ್ಟಿಕೊಂಡು, “ಐ ಆಮ್ ಎ ಟೀಚರ್” ಎಂದರು. ನನ್ನತ್ತ ಬೆರಳು ತೋರಿಸಿ, “ಯೂ ಆರ್ ಎ ಗರ್ಲ್” ಎಂದರು. “ಈಗ ನೀನು ಹೇಳಮ್ಮ. ಮೊದ್ಲು ನಿನ್ನ ಬಗ್ಗೆ, ಆಮೇಲೆ ನನ್ನ ಬಗ್ಗೆ.”

ನಾನು ಎದೆ ಮುಟ್ಟಿಕೊಂಡು “ಐ ಆಮ್ ಎ ಗರ್ಲ್” ಎಂದೆ. ಅಲ್ಲಿಯವರೆಗೆ ಸರಿಯಾಗೇ ಇತ್ತು. ಮುಂದಿನದಕ್ಕೆ ಕೈ ಏಳಲಿಲ್ಲ. ಮೇಷ್ಟ್ರ ಮುಖಕ್ಕೆ ಬೆರಳು ತೋರಿಸುವುದೇ? ಅವರನ್ನು ನೇರವಾಗಿ ನೋಡಿಕೊಂಡು ಒಂದು ಮಾತು ಆಡುವುದೇ? ನಾನು ನನಗೆ ಗೊತ್ತಿದ್ದ ಮರ್ಯಾದೆಯ ದಾರಿ ಹಿಡಿದೆ. ಪಕ್ಕಕ್ಕೆ ತಿರುಗಿ, “ಮುನಿರಾಜು, ಹಿ ಈಸ್ ಎ ಟೀಚರ್ ಅಂತ ಅವರಿಗೆ ಹೇಳು” ಎಂದೆ.

ಮುನಿರಾಜು ಎದ್ದುನಿಂತು, “ಸಾ, ನೀವು ಟೀಚರಂತೆ ಸಾ” ಎಂದ. ಅವನ ಮನೆಯಲ್ಲೂ ನಮ್ಮದೇ ಪದ್ಧತಿ.

ಮೇಷ್ಟ್ರು ಮೇಜು ಹಿಡಿದುಕೊಂಡು ನಕ್ಕರು. “ಅಮ್ಮಾಯಿ, ನಾನು ನಿನ್ನೆದುರಿಗೇ ನಿಂತಿದೀನಲ್ಲಮ್ಮ! ವಾಡಿಕೆಂದುಕು ಚೆಪ್ತಾವು? ಅವನಿಗ್ಯಾಕೆ ಹೇಳ್ತೀಯ? ಎದುರಿಗಿರೋರ ಹತ್ರ ಮಾತಾಡೋವಾಗ ಎದುರಿಗಿರೋರ ಹತ್ರಾನೇ ಮಾತಾಡ್ಬೇಕು. ಇಷ್ಟೇ ಕಣ್ರೋ ಸೆಕೆಂಡ್ ಪರ್ಸನ್ನು” ಎಂದರು. ಅಂದು ಎಷ್ಟು ಗದರಿಸಿದರೂ ನನ್ನ ಬಾಯಿಂದ ಯೂ ಹೊರಡಲಿಲ್ಲ. ಕೊನೆಗೆ ಕಿಟಕಿಯ ಹೊರಗಿನ ಹೊಂಗೆಮರವನ್ನು ನೋಡುತ್ತ “ಯೂ ಆರ್ ಎ ಟೀಚರ್” ಎಂದೆ. ಅಷ್ಟಕ್ಕೇ ಪಾಸು ಮಾಡಿದರು.

ಸಾಯಂಕಾಲ ಅಮ್ಮ ಮರಿ ಹುಳುಗಳಿಗೆ ಸೊಪ್ಪು ಸಣ್ಣಗೆ ಹೆಚ್ಚುತ್ತ ಕೂತಿದ್ದಳು. ನಾನು ಅವಳ ಮುಂದೆ ಕೂತು ಎಲ್ಲ ವರದಿ ಮಾಡಿದೆ.

“ಅಂದ್ರೆ ಇಂಗ್ಲಿಷ್ನೋರು ಮಾವನಿಗೂ ಯೂ ಅಂತಾರಾ?” ಎಂದಳು.

“ಹೂಂ.”

“ಸೊಸೇನೂ ಅಂತಾಳಾ?”

“ಯಾರು ಬೇಕಾದ್ರೂ ಅನ್ಬೋದಂತೆ ಅಮ್ಮ. ಎದುರಿಗಿದ್ರೆ ಸಾಕಂತೆ.”

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆಮೇಲೆ ಸೊಪ್ಪು ಹೆಚ್ಚುತ್ತ, “ಎಷ್ಟು ಬೇಗ ಕೆಲಸ ಮುಗೀತದೆ ನೋಡು ಅವರಿಗೆ” ಎಂದಳು. ಅದು ಹೊಟ್ಟೆಕಿಚ್ಚೋ ತಮಾಷೆಯೋ ನನಗೆ ಗೊತ್ತಾಗಲಿಲ್ಲ. ಒಂದು ವಿಷಯ ಮಾತ್ರ ಈಗ ಬರೆಯುವಾಗ ಹೊಳೆಯುತ್ತಿದೆ. ಅಮ್ಮ ಮನೆಯಲ್ಲಿ ‘ನಾನು’ ಎಂದು ಹೇಳಿದ್ದನ್ನು ನಾನು ಹೆಚ್ಚು ಕೇಳಿರಲಿಲ್ಲ. ಜ್ವರ ಬಂದರೂ “ಮೈ ಸರಿಯಿಲ್ಲ” ಎನ್ನುತ್ತಿದ್ದಳು, ಯಾರ ಮೈ ಎಂದು ಹೇಳುತ್ತಿರಲಿಲ್ಲ. ಅವಳು ನಾಲ್ಕನೆಯ ಕ್ಲಾಸಿನವರೆಗೆ ಶಾಲೆಗೆ ಹೋಗಿದ್ದವಳು ಎಂಬುದೂ ನನಗೆ ತವರಿನ ಕಡೆಯವರಿಂದ ತಿಳಿದ ವಿಷಯ.

ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆ ಪಾಸಾಯಿತು. ನಮ್ಮ ಊರಿನ ಶಾಲೆ ಅಲ್ಲಿಗೆ ಮುಗಿಯಿತು. ಮುಂದೆ ಓದಬೇಕಾದರೆ ಮಾಲೂರಿನ ಹೈಸ್ಕೂಲು, ದಿನಾ ರೈಲು. ಮುನಿರಾಜು ಮತ್ತು ಇನ್ನೊಬ್ಬ ಹುಡುಗ ಸೇರಿಯೂ ಆಯಿತು. ಊರಿಂದ ಹೆಣ್ಣುಮಕ್ಕಳು ಯಾರೂ ಇದುವರೆಗೆ ಹೋಗಿರಲಿಲ್ಲ. ನನಗೆ ಹೋಗಬೇಕಿತ್ತು. ಎಷ್ಟು ಹೋಗಬೇಕಿತ್ತು ಎಂದರೆ, ರೈಲಿನ ಸದ್ದು ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಅಂಗಳಕ್ಕೆ ಓಡುತ್ತಿದ್ದೆ. ನಾನು ಕೂತು ಬರೆಯುತ್ತಿರುವುದನ್ನು ನೋಡಿ, ಹೋಗಿರುತ್ತಾಳೆ ಬಿಡು ಎಂದು ನೀವು ಊಹಿಸಿರಬಹುದು. ಆದರೆ ಆಗ ನಮ್ಮ ಮನೆಯಲ್ಲಿ ಯಾರೂ ಹಾಗೆ ಊಹಿಸಿರಲಿಲ್ಲ, ನಾನಂತೂ ಇಲ್ಲವೇ ಇಲ್ಲ.

ಮಾತುಕತೆ ಒಂದು ವಾರ ನಡೆಯಿತು. ನನ್ನ ವಿಷಯದ ಮಾತನ್ನು ನಾನೇ ಹೊತ್ತು ತಿರುಗಬೇಕಾಗಿ ಬಂತು.

“ಅವಳಿಗೆ ಕೇಳು, ಈ ಹುಡುಗಿ ಓದಿ ಯಾವ ಡಿ.ಸಿ. ಆಗ್ಬೇಕಂತೆ?”

“ಅಮ್ಮ, ನಾನು ಓದಿ ಯಾವ ಡಿ.ಸಿ. ಆಗ್ಬೇಕಂತೆ?”

“ಏನೂ ಆಗೋದು ಬೇಡ, ಓದಿದ್ರೆ ಸಾಕು ಅಂತ ಹೇಳು.”

“ತಾತ, ಏನೂ ಆಗಲ್ವಂತೆ, ಸುಮ್ನೆ ಓದ್ತೀನಂತೆ.”

“ಸೊಪ್ಪು ಕೊಯ್ಯೋರು ಯಾರು ಕೇಳು. ಇದನ್ನ ದಿನಾ ರೈಲು ಹತ್ತಿಸಿ ಇಳಿಸೋರು ಯಾರು ಕೇಳು.”

ಒಂದೇ ಸಂಜೆಯಲ್ಲಿ ನಾನು ನೀನು, ಅವಳು, ಈ ಹುಡುಗಿ, ಮಗು ಎಲ್ಲ ಆಗಿ ಕೊನೆಗೆ ‘ಇದು’ ಆದೆ. ರೆಡ್ಡಿ ಮೇಷ್ಟ್ರು ಬೋರ್ಡಿನ ಮೇಲೆ ಬರೆದ ಪಟ್ಟಿಯೆಲ್ಲ ನನ್ನ ತಲೆಯ ಮೇಲೇ ಹಾದುಹೋಯಿತು. ಅಪ್ಪನನ್ನು ಕೇಳಿದೆ. ಏನಂದ ಎಂದು ನಿಮಗೆ ಹೇಳಬೇಕಾಗಿಲ್ಲ.

ತಾತನೇನು ಕೆಟ್ಟವನಲ್ಲ. ಅವನಿಗೆ ನನ್ನ ಮೇಲೆ ಜೀವ. ಸಂತೆಯಿಂದ ಬಂದರೆ ಕಡ್ಲೆಪುರಿಯ ಪೊಟ್ಟಣ ಮೊದಲು ನನ್ನ ಕೈಗೇ. ಆದರೆ ಊರಿನಲ್ಲಿ ಇದುವರೆಗೆ ಆಗದ ಕೆಲಸ ನಮ್ಮ ಮನೆಯಿಂದ ಶುರುವಾಗುವುದು ಅವನಿಗೆ ಬೇಕಿರಲಿಲ್ಲ.

ಸೋಮವಾರ ಸೇರಿಕೊಳ್ಳಲು ಕೊನೆಯ ದಿನ. ಭಾನುವಾರ ಮಧ್ಯಾಹ್ನ ಊಟವಾಗಿತ್ತು. ಹುಳುಗಳು ನಾಲ್ಕನೆಯ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಅವು ಸೊಪ್ಪು ತಿನ್ನದೆ ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತವೆ, ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಬಾರದು ಎಂಬುದು ತಾತನ ಕಟ್ಟುನಿಟ್ಟು. ಸೊಪ್ಪು ತಿನ್ನುವ ಸರಸರ ಸದ್ದೂ ಇಲ್ಲದೆ ಮನೆ ಸುಮ್ಮನಿತ್ತು. ತಾತ ಕಂಬಕ್ಕೆ ಒರಗಿದ್ದ. ಅಪ್ಪ ಅಂಗಳದಲ್ಲಿ ಕುಡುಗೋಲು ಮಸೆಯುತ್ತಿದ್ದ.

ಬಾಗಿಲ ಹಿಂದಿನಿಂದ ಅಮ್ಮ ಹೇಳಿದಳು: “ಅವರಿಗೆ ಹೇಳು. ನಾಳೆ ಕೊನೇ ದಿನ. ನಾಳೆ ಸೇರಿಸಲೇಬೇಕು. ಸೊಪ್ಪು ಬೆಳಗಿನ ಜಾವಕ್ಕೇ ಎದ್ದು ಕೊಯ್ತೀವಿ, ಕೆಲಸ ನಿಲ್ಲಲ್ಲ ಅಂತ ಹೇಳು.”

ನಾನು ಎಂಟು ಹೆಜ್ಜೆ ನಡೆದೆ. ತಾತ ನನ್ನನ್ನು ನೋಡಿದ. ಅವನ ಹುಬ್ಬು ಗಂಟು ಹಾಕಿಕೊಂಡಿತ್ತು. ‘ಸೇರಿಸಲೇಬೇಕು’ ಎಂಬ ಮಾತನ್ನು ಈ ಮುಖದ ಮುಂದೆ ಹೇಗೆ ಇಡುವುದು? ಇಷ್ಟು ವರ್ಷ ಮಾತನ್ನು ಮೆತ್ತಗೆ ಮಾಡಿ ಮಾಡಿ ನನ್ನ ನಾಲಗೆಗೆ ಅದೇ ಅಭ್ಯಾಸವಾಗಿಹೋಗಿತ್ತು. ಹೆದರಿಕೆಯೂ ಆಯಿತು. ನನ್ನ ಬಾಯಿಂದ ಬಂದದ್ದು ಇದು:

“ತಾತ, ಆಗೋದಾದ್ರೆ ನಾಳೆ ಸೇರಿಸ್ಬೇಕಂತೆ. ಇಲ್ಲಾಂದ್ರೆ ಮುಂದಿನ ವರ್ಷ ನೋಡೋಣವಂತೆ.”

ಮುಂದಿನ ವರ್ಷ ಎಂದು ಅಮ್ಮ ಅಂದಿರಲಿಲ್ಲ. ಅದು ಎಲ್ಲಿಂದ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಪ್ಪನ ರಕ್ತ ಇರಬೇಕು.

ತಾತನ ಹುಬ್ಬಿನ ಗಂಟು ಬಿಚ್ಚಿತು. “ಅಷ್ಟೇ ತಾನೇ? ಹಂಗಾದ್ರೆ ಮುಂದಿನ ವರ್ಷಾನೇ ನೋಡೋಣ ಅಂತ ಹೇಳು ಅಮ್ಮಣ್ಣಿ. ಒಳ್ಳೇ ಮಾತು ಹೇಳಿದ್ಲು ಅಂತ ಹೇಳು” ಎಂದು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. ತೋಟಕ್ಕೆ ಹೊರಡಲು ಎದ್ದೇಬಿಟ್ಟ.

ನಾನು ತಿರುಗಿದೆ. ಬಾಗಿಲಿನವರೆಗೆ ಆ ಮಾತನ್ನು ಹೊತ್ತುಕೊಂಡು ಹೋಗಲು ನನ್ನಿಂದ ಆಗಲಿಲ್ಲ. ಎದುರು ಮನೆಯ ಲಕ್ಷ್ಮಿಗೂ ಹೋದ ವರ್ಷ ಮುಂದಿನ ವರ್ಷ ಎಂದೇ ಹೇಳಿದ್ದರು. ಅವಳು ಈಗ ಲಕ್ಕೂರಿನ ಕಡೆ ಗಂಡನ ಮನೆಯಲ್ಲಿದ್ದಳು. ನನ್ನ ಕಾಲಿಗೆ ನಾನೇ ಕೊಡಲಿ ಹಾಕಿಕೊಂಡಿದ್ದೆ. ಹಜಾರದ ನಡುವೆ ನಿಂತುಬಿಟ್ಟೆ. ಅಳು ಬಂತು.

ಆಗ ಬಾಗಿಲು ಸದ್ದಾಯಿತು. ಅಮ್ಮ ಹೊಸಿಲು ದಾಟಿ ಹಜಾರಕ್ಕೆ ಬಂದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದಳು. ಬಂದವಳು ಕಂಬದಿಂದ ಎರಡು ಮಾರು ದೂರ ನಿಂತಳು.

“ಮಾವ” ಎಂದಳು.

ಆ ಕರೆಯನ್ನು ನಾನು ಅವಳ ಬಾಯಿಂದ ಕೇಳಿಯೇ ಇರಲಿಲ್ಲ. ಅಂಗಳದಲ್ಲಿ ಕುಡುಗೋಲು ಮಸೆಯುವ ಸದ್ದು ನಿಂತಿತು.

“ಮಾವ, ಮಗು ತಪ್ಪು ಹೇಳ್ತು. ಮುಂದಿನ ವರ್ಷ ಅಂತ ನಾನು ಅನ್ನಲಿಲ್ಲ. ನಾಳೆ ಅಂತ ಅಂದೆ. ನೀವೂ ಕೇಳಿಸ್ಕೊಂಡ್ರಿ.”

ಹುಳುಗಳಿಗೆ ಜ್ವರವಲ್ಲವೇ, ದನಿ ಏರಿಸದೆ ಹೇಳಿದಳು. ಆದರೆ ಮನೆಯ ಹದಿನಾಲ್ಕು ವರ್ಷದ ಒಪ್ಪಂದವನ್ನು ಆ ಕೊನೆಯ ಮಾತಿನಲ್ಲಿ ಮುರಿದುಹಾಕಿದ್ದಳು. ಇಬ್ಬರಿಗೂ ಎಲ್ಲವೂ ಕೇಳಿಸುತ್ತದೆ ಎಂದು ಬಾಯಿಬಿಟ್ಟು ಹೇಳಿದ್ದಳು.

ತಾತ ಅಭ್ಯಾಸಬಲದಿಂದ ನನ್ನ ಕಡೆ ತಿರುಗಿ ಕಾದ. ನಾನೂ ಅಭ್ಯಾಸಬಲದಿಂದಲೇ ಕಣ್ಣೊರೆಸಿಕೊಂಡು, “ತಾತ, ನೀನೂ ಕೇಳಿಸ್ಕೊಂಡ್ಯಂತೆ...” ಎಂದು ಶುರು ಮಾಡಿದೆ.

“ನೀನು ಸುಮ್ನಿರೇ” ಎಂದು ಅಮ್ಮ ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿದಳು. ಮತ್ತೆ ತಾತನ ಕಡೆ ನೋಡಿದಳು. “ನಾನೂ ನಾಲ್ಕನೇ ಕ್ಲಾಸಲ್ಲಿ ಮುಂದಿನ ವರ್ಷಕ್ಕೆ ಅಂತ ಬಿಟ್ಟೋಳೇ ಮಾವ. ಆ ವರ್ಷ ಬರಲೇ ಇಲ್ಲ. ನಮ್ಮಪ್ಪನ್ನ ಕೇಳೋಕೆ ಆಗ ನಂಗೆ ಬಾಯಿರಲಿಲ್ಲ. ನಿಮ್ಮನ್ನ ಕೇಳ್ತಿದೀನಿ.”

ತಾತ ಟವೆಲ್ಲು ತೆಗೆದು ತೊಡೆಯ ಮೇಲೆ ಹಾಕಿಕೊಂಡು ಮೆಲ್ಲಗೆ ಕೂತ. ಹುಳುವಿನ ತಟ್ಟೆಗಳನ್ನು ನೋಡಿದ. ಅಂಗಳವನ್ನು ನೋಡಿದ. ಅಲ್ಲಿಂದ ನೋಡೋಣ ಎಂಬ ಮಾತೂ ಬರಲಿಲ್ಲ. ಕೊನೆಗೆ ತಲೆ ಎತ್ತಿ, ನನ್ನನ್ನಲ್ಲ, ಅಮ್ಮನನ್ನೇ ನೋಡಿದ.

“ರೈಲು ಎಷ್ಟೊತ್ತಿಗಮ್ಮಾ?” ಎಂದ.

“ಏಳೂಕಾಲಿಗೆ, ಮಾವ.”

“ಹಂಗಾದ್ರೆ ಆರಕ್ಕೆಲ್ಲ ಹೊರಡ್ಬೇಕು. ನಾನೇ ಕರ್ಕೊಂಡು ಹೋಗ್ತೀನಿ. ರೊಟ್ಟಿ ಬೇಗ ತಟ್ಟಿಬಿಡು.”

“ಆಗ್ಲಿ ಮಾವ.”

ಅಷ್ಟೇ. ತಾತ ತೋಟಕ್ಕೆ ಹೋದ, ಅಂಗಳದಲ್ಲಿ ಕುಡುಗೋಲು ಮಸೆಯುವ ಸದ್ದು ಮತ್ತೆ ಶುರುವಾಯಿತು. ಅಮ್ಮ ಒಳಗೆ ಹೋದಳು. ನಾನೂ ಹಿಂದೆಯೇ ಹೋದೆ. ಅವಳು ಒಲೆಯ ಮುಂದೆ ಕೂತು ಬೆಂಕಿಕಡ್ಡಿ ಗೀರುತ್ತಿದ್ದಳು. ಒಂದು ಗೀರಿದಳು, ಎರಡು ಗೀರಿದಳು, ಹತ್ತಲಿಲ್ಲ. ನಾನು ಪೆಟ್ಟಿಗೆ ಇಸಿದುಕೊಂಡು ಗೀರಿ ಒಲೆ ಹತ್ತಿಸಿದೆ.

“ಏನೇನಂದೆನೇ ನಾನು?” ಎಂದು ಅಮ್ಮ ಕೇಳಿದಳು. ಅವಳಿಗೆ ನಿಜವಾಗಿಯೂ ನೆನಪಿರಲಿಲ್ಲ.

ನಾನು ಅವಳೆದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಆ ಮನೆಯಲ್ಲಿ ಮೊದಲನೆಯ ಸಲ, ಒಂದು ಅಕ್ಷರವನ್ನೂ ಬದಲಿಸದೆ.